ತ್ರಿಪುರಿ ಕಾಂಗ್ರೆಸ್ ಅಧಿವೇಶನ, 1939: ಅಧ್ಯಕ್ಷರ ಆಯ್ಕೆ

• ವಿಧಾನ: ಪ್ರಾಂತ್ಯಗಳ ಪ್ರತಿನಿಧಿಗಳು ಅಧಿವೇಶನಕ್ಕೆ ಮೊದಲೇ ಮತ ಹಾಕುತ್ತಿದ್ದರು, ಗೆದ್ದವರು ಅಧ್ಯಕ್ಷತೆ ವಹಿಸುತ್ತಿದ್ದರು.

• ಸ್ಪರ್ಧೆ: ಸುಭಾಷ್‌ಚಂದ್ರ ಬೋಸ್ 1,580 ಮತ, ಗಾಂಧೀಜಿ ಬೆಂಬಲಿತ ಪಟ್ಟಾಭಿ ಸೀತಾರಾಮಯ್ಯ 1,377 ಮತ. ಅಂತರ 203.

• ತಿರುವು: ಗಾಂಧೀಜಿಯವರ ಇಚ್ಛೆಯಂತೆಯೇ ಕಾರ್ಯಕಾರಿ ಸಮಿತಿ ರಚಿಸಬೇಕೆಂಬ ಗೋವಿಂದ ವಲ್ಲಭ ಪಂತ್ ನಿರ್ಣಯ ಮಾರ್ಚ್‌ನಲ್ಲಿ ತ್ರಿಪುರಿಯಲ್ಲಿ ಅಂಗೀಕಾರವಾಯಿತು.

• ಪರಿಣಾಮ: ಸಮಿತಿ ರಚನೆಯ ಬಿಕ್ಕಟ್ಟು ಬಗೆಹರಿಯದೆ ಏಪ್ರಿಲ್‌ನಲ್ಲಿ ಬೋಸ್ ರಾಜೀನಾಮೆ, ರಾಜೇಂದ್ರ ಪ್ರಸಾದ್ ಅಧ್ಯಕ್ಷರಾದರು. ಮೇ ತಿಂಗಳಲ್ಲಿ ಬೋಸ್ ಫಾರ್ವರ್ಡ್ ಬ್ಲಾಕ್ ಕಟ್ಟಿದರು.

• ಮಹತ್ವ: ಮತ ಗೆದ್ದರಷ್ಟೇ ಸಾಲದು, ಸಂಘಟನೆಯ ವಿಶ್ವಾಸವೂ ಬೇಕೆಂಬ ಪಾಠ ಇಲ್ಲಿದೆ.

• ಗೊಂದಲ ಬೇಡ: ಹಿಂದಿನ ಅಧಿವೇಶನ ನಡೆದ ಹರಿಪುರ (1938) ಗುಜರಾತಿನಲ್ಲಿದೆ, ಅಲ್ಲಿ ಬೋಸ್ ಅವಿರೋಧ ಆಯ್ಕೆ, ತ್ರಿಪುರಿ ಇರುವುದು ಮಧ್ಯಪ್ರದೇಶದ ಜಬಲ್ಪುರ ಸಮೀಪ, ತ್ರಿಪುರಾ ರಾಜ್ಯದಲ್ಲಲ್ಲ.