ಕಾರ್ಡಿಗಿಂತ ಮೊದಲು ಕೇಸ್ ಪೇಪರ್

ಆಯುಷ್ಮಾನ್ ಕಾರ್ಡ್ ಕೈಗೆ ಬಂತೆಂದರೆ ಮಗುವಿನ ಮನೋವೈದ್ಯರ ಖರ್ಚೂ ಅದರಲ್ಲೇ ತೀರುತ್ತದೆ ಎಂದು ಮಹಾರಾಷ್ಟ್ರದ ಜತ್ತ ತಾಲ್ಲೂಕಿನ ಎಷ್ಟೋ ಪಾಲಕರು ನಂಬಿಕೊಂಡಿದ್ದಾರೆ. ತೀರುವುದಿಲ್ಲ. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯ ಆ ರಕ್ಷಣೆ ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರಿಗೆ. ಮಾತು ತಡವಾದ, ಶಾಲೆಯೆಂದರೆ ನಡುಗುವ ಮಗುವಿಗೆ ಹಾಸಿಗೆ ಬೇಕಿಲ್ಲ. ತಿಂಗಳುಗಟ್ಟಲೆ ಓಪಿಡಿ, ಕೌನ್ಸೆಲಿಂಗ್, ಥೆರಪಿ ಬೇಕು.

ಹಾಗಾಗಿ ಊರಿನ ಶಾಲೆಯಿಂದಲೇ ಶುರು ಮಾಡುವುದು ಲೇಸು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬರಬೇಕು. ಬೆಳವಣಿಗೆ ಕುಂಠಿತವಾಗಿದೆಯೇ ಎಂದೂ ಅವರು ನೋಡುತ್ತಾರೆ. ಮಗುವಿನ ಹೆಸರನ್ನು ಶಿಕ್ಷಕರಿಗೆ ಮೊದಲೇ ಹೇಳಿಟ್ಟು, ಮುಂದಿನ ಆಸ್ಪತ್ರೆಗೆ ಚೀಟಿ ಬರೆಸಿಕೊಳ್ಳಿ. ತಂಡ ಬರುವವರೆಗೆ ಕಾಯಲಾಗದಿದ್ದರೆ ಜತ್ತದ ಗ್ರಾಮೀಣ ಆಸ್ಪತ್ರೆಯಲ್ಲಿ ಕೇಸ್ ಪೇಪರ್ (ನೋಂದಣಿ ಚೀಟಿ) ಮಾಡಿಸಿ. ಮಹಾರಾಷ್ಟ್ರ ಆರೋಗ್ಯ ಇಲಾಖೆಯ ಆಸ್ಪತ್ರೆಗಳಲ್ಲಿ 2023ರ ಆಗಸ್ಟ್ 15ರಿಂದ ತಪಾಸಣೆ, ಚಿಕಿತ್ಸೆ ಉಚಿತ. ಮಿರಜ, ಸಾಂಗಲಿಯ ಸರ್ಕಾರಿ ಆಸ್ಪತ್ರೆಗಳು ವೈದ್ಯಕೀಯ ಶಿಕ್ಷಣ ಇಲಾಖೆಯವು. ಉಚಿತ ಚಿಕಿತ್ಸೆಯ ಈ ಆದೇಶ ಅಲ್ಲಿಗೆ ಅನ್ವಯಿಸದು.

ಎಲ್ಲಕ್ಕಿಂತ ಹೆಚ್ಚು ಎಡವುವುದು ಭಾಷೆಯಲ್ಲಿ. ಮನೆಯಲ್ಲಿ ಕನ್ನಡ, ಜಿಲ್ಲಾ ಪರಿಷತ್ತಿನ ಶಾಲೆಯಲ್ಲೂ ಕನ್ನಡ. ಮುಂದಿನ ತಪಾಸಣೆಗೆ ಮಿರಜಕ್ಕೆ ಹೋದರೆ ಪ್ರಶ್ನೆ ಮರಾಠಿಯಲ್ಲಿ. ‘ಹೆಸರೇನು’ ಎಂದರೆ ಪಟಪಟನೆ ಹೇಳುವ ಹುಡುಗ ‘ತುಝಂ ನಾವ್ ಕಾಯ್’ ಎಂದೊಡನೆ ಅವ್ವನ ಸೆರಗು ಹಿಡಿಯುತ್ತಾನೆ. ಅಪ್ಪ ತಾನೇ ಉತ್ತರಿಸಿಬಿಡುತ್ತಾನೆ. ಬುದ್ಧಿಮತ್ತೆಯ ಪರೀಕ್ಷೆಯೂ ಹೀಗೇ ನಡೆದರೆ, ಬಾರದ ಭಾಷೆಯೇ ಮಂದಬುದ್ಧಿಯಾಗಿ ಕಾಗದಕ್ಕೆ ಏರುವ ಅಪಾಯವಿದೆ, ಮುಂದಿನ ಪ್ರಮಾಣಪತ್ರಗಳೆಲ್ಲ ಆ ಕಾಗದದ ಮೇಲೇ ನಿಲ್ಲುತ್ತವೆ. ಆದ್ದರಿಂದ ಮಗುವಿಗೆ ಬರುವುದು ಕನ್ನಡ ಎಂದು ಕೇಸ್ ಪೇಪರಿನಲ್ಲೇ ಬರೆಸಿ. ಶಾಲೆಯ ನೋಟ್‌ಬುಕ್ ಒಯ್ಯಿರಿ. ಕನ್ನಡ ಬಲ್ಲ ದಾದಿಯನ್ನೋ ಸಿಬ್ಬಂದಿಯನ್ನೋ ಕೂರಿಸಲು ಕೇಳಿ, ಸಂಕೋಚ ಬೇಡ. ಉಮದಿ, ಸಂಖ ಭಾಗದವರಿಗೆ ವಿಜಯಪುರವೇ ಹತ್ತಿರ. ಭಾಷೆಯ ತೊಡಕಿಲ್ಲದ ಎರಡನೇ ಅಭಿಪ್ರಾಯಕ್ಕೆ ಅಲ್ಲಿಗೆ ಹೋಗುವುದು ತಪ್ಪಲ್ಲ.

ಓಪಿಡಿ, ಥೆರಪಿಯ ಖರ್ಚು ಕೊಡುವ ಸರ್ಕಾರಿ ವಿಮೆಯೊಂದಿದೆ: ನ್ಯಾಷನಲ್ ಟ್ರಸ್ಟಿನ ‘ನಿರಾಮಯ’, 1 ಲಕ್ಷ ರೂಪಾಯಿವರೆಗೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹುವಿಧ ಅಂಗವೈಕಲ್ಯ – ಈ ನಾಲ್ಕಕ್ಕೆ ಮಾತ್ರ. ಅಂಗವೈಕಲ್ಯ ಪ್ರಮಾಣಪತ್ರ ಕಡ್ಡಾಯ. ಖಿನ್ನತೆ, ಕಲಿಕೆಯ ತೊಂದರೆಗೆ ಇದು ಸಿಗದು. ಸಿಗುತ್ತದೆ ಎಂದು ಹಣ ಕೇಳುವ ಏಜೆಂಟರಿಂದ ದೂರವಿರಿ.

ಖಾಸಗಿ ಪಾಲಿಸಿಯಿದ್ದರೆ 2017ರ ಮಾನಸಿಕ ಆರೋಗ್ಯ ಕಾಯ್ದೆಯ 21ನೇ ಕಲಮು ನೆನಪಿರಲಿ: ದೈಹಿಕ ಕಾಯಿಲೆಗೆ ಇರುವ ಷರತ್ತಿನಲ್ಲೇ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕು. ನಿರಾಕರಿಸಿದರೆ ಕಾರಣವನ್ನು ಲಿಖಿತವಾಗಿ ಪಡೆಯಿರಿ. ವಿಮೆಯ ಮಾತು ಹಾಗಿರಲಿ, ಮಗು ಸಾಯುವ ಮಾತಾಡಿದರೆ ಒಂಟಿಯಾಗಿ ಬಿಡದೆ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಮಾತಾಡಬಹುದು. ಮಗುವಿನ ಮೇಲೆ ಹಿಂಸೆ ನಡೆದಿದ್ದರೆ ಮಕ್ಕಳ ಸಹಾಯವಾಣಿ 1098.