ಸೆನ್ಸರ್ ಕೆಟ್ಟಿತೆನ್ನುವ ಮುನ್ನ

2023ರ ಡಿಸೆಂಬರ್ ಮೊದಲ ವಾರದಲ್ಲಿ ಮಿಚಾಂಗ್ ಚಂಡಮಾರುತ ಸುರಿಸಿದ ಮಳೆಯಿಂದ ಚೆನ್ನೈಯ ಅಂಬತ್ತೂರು ಕೈಗಾರಿಕಾ ವಸಾಹತು ಜಲಾವೃತವಾಗಿ, ಯಂತ್ರಗಳೂ ಸರಕೂ ಒಟ್ಟಿಗೆ ತೊಯ್ದುಹೋದ ಆ ದಿನಗಳಲ್ಲಿ, ನಮ್ಮ ಬೀದಿಯಲ್ಲಿ ನಿಂತಿದ್ದ ನನ್ನ ಹಳೆಯ ಪೆಟ್ರೋಲ್ ಕಾರಿಗೂ ಚಕ್ರದ ಅರ್ಧದವರೆಗೆ ನೀರು ಬಂದಿತ್ತು. ನೀರಿಳಿದ ಮೇಲೆ ಗಾಡಿ ಎಂದಿನಂತೆಯೇ ಹೊರಟಿತು. ಆದರೆ ಎರಡು ತಿಂಗಳು ಕಳೆಯುವಷ್ಟರಲ್ಲಿ, ಸಿಗ್ನಲ್ಲಿನಲ್ಲಿ ನಿಂತಾಗ ಪೆಡಲಿನ ಮೇಲೆ ಕಾಲಿಡದೆಯೇ ಎಂಜಿನ್ನು ನಿಮಿಷಕ್ಕೆ 1,300 ಸುತ್ತಿಗೆ ಏರಿ ನಿಲ್ಲುವುದು, ಪಾಡಿಯ ಮೇಲ್ಸೇತುವೆಯನ್ನು ಹತ್ತುವಾಗ ಒಮ್ಮೆ ಮುಗ್ಗರಿಸಿ ಮುಂದೆ ಸಾಗುವುದು, ಡ್ಯಾಶ್‌ಬೋರ್ಡಿನ ಹಳದಿ ದೀಪ ಹತ್ತಿ ಆರುವುದು, ಇವೆಲ್ಲ ಒಂದೊಂದಾಗಿ ತಲೆದೋರಿದುವು. ಹತ್ತಿರದ ಗ್ಯಾರೇಜಿನಲ್ಲಿ ಸ್ಕ್ಯಾನರ್ ಚುಚ್ಚಿ ನೋಡಿದ ಹುಡುಗನು ಪರದೆಯ ಮೇಲೆ ಪಿ 0121 ಎಂಬ ಸಂಕೇತವನ್ನು ಕಂಡೊಡನೆಯೇ "ಸೆನ್ಸರ್ ಪೋಚ್ಚು ಸಾರ್", ಅಂದರೆ ಸೆನ್ಸರ್ ಹೋಯಿತು, ಎಂದನು. ಹೊಸ ಸೆನ್ಸರ್ ಹಾಕಿಸಿದೆ, ಹಣ ತೆತ್ತೆ. ಮೂರನೆಯ ದಿನ ದೀಪ ಮತ್ತೆ ಹತ್ತಿತು.

ವಸಾಹತಿನ ಟೂಲ್‌ರೂಮಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದ, ಮೂಲತಃ ಹೊಸೂರಿನ ಕಡೆಯ ಕನ್ನಡಿಗರಾದ ನಮ್ಮ ನೆರೆಯವರೊಬ್ಬರು ಈ ಕಥೆಯನ್ನು ಕೇಳಿ ಕೇಳಿದ್ದು ಒಂದೇ ಪ್ರಶ್ನೆ: "ಅಳತೆ ತೆಗೆದರೇ ಸ್ವಾಮಿ?" 1964ರಲ್ಲಿ ಸ್ಥಾಪಿತವಾದ ಈ ವಸಾಹತಿನಲ್ಲಾಗಲಿ, ಪಕ್ಕದ ಪಾಡಿಯಲ್ಲಿ ಸ್ಟಾರ್ಟರು, ಆಲ್ಟರ್ನೇಟರುಗಳನ್ನು ಮಾಡುವ ದೊಡ್ಡ ಕಾರ್ಖಾನೆಗಳಲ್ಲಾಗಲಿ, ವರ್ನಿಯರ್ ಇಟ್ಟು ನೋಡದೆ ಒಂದು ಬಿಡಿಭಾಗವನ್ನೂ ಒಳ್ಳೆಯದೆಂದಾಗಲಿ ಕೆಟ್ಟದ್ದೆಂದಾಗಲಿ ಯಾರೂ ಹೇಳುವುದಿಲ್ಲ. ಬೀದಿಯ ಗ್ಯಾರೇಜಿಗೂ ಈ ನಿಯಮವೇ ಸಲ್ಲಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಆ ದಿನ ಅವರೊಡನೆ ನಿಂತು ಕಲಿತ ಕ್ರಮವನ್ನೇ ಇಲ್ಲಿ ವಾಚಕರ ಮುಂದಿಡುತ್ತಿದ್ದೇನೆ.

ಆಕ್ಸಿಲರೇಟರನ್ನು ತುಳಿದಾಗ ಎಂಜಿನ್ನಿಗೆ ಗಾಳಿ ಹೋಗುವ ದ್ವಾರದಲ್ಲಿರುವ ಬಿಲ್ಲೆಯೊಂದು ತಿರುಗಿ ದಾರಿ ಬಿಡುತ್ತದೆ. ಆ ಬಿಲ್ಲೆಯ ಅಚ್ಚಿನ ತುದಿಯಲ್ಲಿ ಕುಳಿತು, ಅದೆಷ್ಟು ತೆರೆದಿದೆಯೆಂಬುದನ್ನು ಇಸಿಯು ಎಂಬ ಗಣಕಕ್ಕೆ ವೋಲ್ಟಿನ ರೂಪದಲ್ಲಿ ತಿಳಿಸುವುದೇ ಥ್ರಾಟಲ್ ಪೊಸಿಷನ್ ಸೆನ್ಸರ್. ಕೇಬಲ್ಲಿನಿಂದ ಎಳೆಯುವ ಥ್ರಾಟಲುಳ್ಳ ಗಾಡಿಗಳಲ್ಲಿ ಇದಕ್ಕೆ ಸಾಮಾನ್ಯವಾಗಿ ಮೂರು ತಂತಿಗಳಿರುವುವು: ಇಸಿಯುವಿನಿಂದ 5 ವೋಲ್ಟ್ ತರುವುದೊಂದು, ಅರ್ತ್ ಒಂದು, ವರದಿಯನ್ನು ಹೊತ್ತೊಯ್ಯುವ ಸಿಗ್ನಲ್ ತಂತಿಯೊಂದು. ಒಳಗಿರುವುದು ಹಳೆಯ ರೇಡಿಯೋದ ವಾಲ್ಯೂಮ್ ತಿರುಪಿನಲ್ಲಿದ್ದಂಥ ಇಂಗಾಲದ ಪಟ್ಟಿ ಮತ್ತು ಅದರ ಮೇಲೆ ಜಾರುವ ನಾಲಗೆ. ಪಟ್ಟಿ ಸವೆದಾಗ ರೇಡಿಯೋ ಕರಕರಗುಟ್ಟುತ್ತಿದ್ದಂತೆ, ಇಲ್ಲಿಯೂ ಸವೆದ ಜಾಗದಲ್ಲಿ ವರದಿ ತುಂಡಾಗುತ್ತದೆ.

ಸಂಕೇತಗಳ ಅರ್ಥವನ್ನು ಮೊದಲು ಸ್ಪಷ್ಟಪಡಿಸಿಕೊಳ್ಳತಕ್ಕದ್ದು. ಪಿ 0122 ಎಂದರೆ ಸಿಗ್ನಲ್ ವೋಲ್ಟ್ ಇರಬೇಕಾದುದಕ್ಕಿಂತ ಕಡಿಮೆ. ಪಿ 0123 ಎಂದರೆ ಹೆಚ್ಚು. ಪಿ 0121 ಎಂದರೆ ಈ ಸೆನ್ಸರಿನ ವರದಿ ಗಾಳಿಯ ಒತ್ತಡವೇ ಮೊದಲಾದ ಇತರ ಸಾಕ್ಷ್ಯಗಳೊಡನೆ ತಾಳೆಯಾಗುತ್ತಿಲ್ಲ. ಸೆನ್ಸರ್ ಸತ್ತಿತೆಂದು ಇವುಗಳಲ್ಲಿ ಒಂದೂ ಹೇಳುವುದಿಲ್ಲ. ಸಂಕೇತವನ್ನು ಅಳಿಸುವ ಮುನ್ನ, ದೋಷ ದಾಖಲಾದ ಕ್ಷಣದಲ್ಲಿ ವೇಗ, ಸುತ್ತು, ಎಂಜಿನ್ನಿನ ಶಾಖ ಎಷ್ಟಿತ್ತೆಂಬುದನ್ನು ಸ್ಕ್ಯಾನರಿನಿಂದ ಬರೆದಿಟ್ಟುಕೊಳ್ಳಬೇಕು. ಅಳಿಸಿದ ಮೇಲೆ ಅದು ದೊರೆಯದು.

ಅನಂತರ ಬ್ಯಾಟರಿ. ವಿಶ್ರಾಂತಿಯಲ್ಲಿ 12.4 ವೋಲ್ಟಿಗಿಂತ ಕೆಳಗಿದ್ದರೆ ಅದನ್ನು ಮೊದಲು ಚಾರ್ಜ್ ಮಾಡಿಕೊಳ್ಳಿ, ಇಲ್ಲವಾದರೆ ಮುಂದಿನ ಅಳತೆಗಳ ಮೇಲೆ ಭರವಸೆಯಿಡುವಂತಿಲ್ಲ. ಬಾನೆಟ್ ತೆರೆದು, ಕೇಬಲ್ಲು ಬಿಗಿಯಾಗಿ ಬಿಲ್ಲೆಯನ್ನು ಪೂರ್ತಿ ಮುಚ್ಚಗೊಡದೆ ಹಿಡಿದಿದೆಯೇ, ಥ್ರಾಟಲ್ ಬಾಡಿಯೊಳಗೆ ಕಪ್ಪು ಮಸಿ ಕಟ್ಟಿದೆಯೇ, ತಂತಿಗಳನ್ನು ಇಲಿ ಕಡಿದಿದೆಯೇ ಎಂಬುದನ್ನು ಕಣ್ಣಿನಿಂದಲೇ ಪರೀಕ್ಷಿಸಿ. ನಮ್ಮೂರಿನಲ್ಲಿ ಇಲಿಯ ಕಾಟವೂ ಅಲ್ಪವಲ್ಲ.

ಈಗ ಮಲ್ಟಿಮೀಟರ್. ಇಲ್ಲಿ ಹೆಚ್ಚಿನವರು ಎಡವುವುದರಿಂದ ಸ್ವಲ್ಪ ನಿಧಾನಿಸುತ್ತೇನೆ. ಕನೆಕ್ಟರನ್ನು ಕಳಚದೆ, ಅದು ಸೆನ್ಸರಿಗೆ ಸಿಕ್ಕಿಕೊಂಡಿರುವಾಗಲೇ, ಹಿಂಬದಿಯಿಂದ ತಂತಿಯ ಪಕ್ಕದಲ್ಲಿ ತೆಳ್ಳನೆಯ ಗುಂಡುಸೂಜಿಯನ್ನು ಮೆಲ್ಲನೆ ತೂರಿಸಿ ಅದರಿಂದ ಅಳೆಯತಕ್ಕದ್ದು. ಕಳಚಿದರೆ ಸೆನ್ಸರಿನ ಮೂಲಕ ವಿದ್ಯುತ್ತು ಹರಿಯುವುದೇ ನಿಂತುಹೋಗಿ, ಕೆಟ್ಟ ಅರ್ತ್ ಕೂಡ ಒಳ್ಳೆಯದರಂತೆ ಕಾಣುತ್ತದೆ. ಇಗ್ನಿಷನ್ ಆನ್ ಮಾಡಿ, ಎಂಜಿನ್ ಚಾಲೂ ಮಾಡದೆ, ಮೀಟರಿನ ಕಪ್ಪು ಕಡ್ಡಿಯನ್ನು ಬ್ಯಾಟರಿಯ ಋಣ ತುದಿಗೆ ಮುಟ್ಟಿಸಿ, ಕೆಂಪನ್ನು 5 ವೋಲ್ಟಿನ ತಂತಿಗೆ ಹಿಡಿಯಿರಿ. 5ರ ಆಸುಪಾಸಿನಲ್ಲಿ ಬಂದರೆ ಸರಿ. ಬಾರದಿದ್ದರೆ ಒಡನೆಯೇ ಸೆನ್ಸರನ್ನು ದೂಷಿಸಬೇಡಿ. ಅನೇಕ ಗಾಡಿಗಳಲ್ಲಿ ಅದೇ 5 ವೋಲ್ಟನ್ನು ಒತ್ತಡದ ಸೆನ್ಸರ್ ಮುಂತಾದ ಇತರವೂ ಹಂಚಿಕೊಳ್ಳುವುದರಿಂದ, ಅವುಗಳ ಕನೆಕ್ಟರನ್ನು ಒಂದೊಂದಾಗಿ ಕಳಚುತ್ತ, ಯಾವುದನ್ನು ಕಳಚಿದಾಗ 5 ವೋಲ್ಟ್ ಮರಳುವುದೋ ಅಲ್ಲಿ ದೋಷವನ್ನು ಹುಡುಕಿ.

ಮುಂದೆ ಅರ್ತ್ ತಂತಿ. ಅಲ್ಲಿ 0.1 ವೋಲ್ಟಿಗಿಂತ ಹೆಚ್ಚು ಕಾಣಬಾರದು. ನನ್ನ ಕಾರಿನಲ್ಲಿ 0.4 ಕಂಡಿತು. ನೆರೆಯವರು ಏನೂ ಮಾತನಾಡದೆ ತಂತಿಯ ಜಾಡು ಹಿಡಿದು ಹೋಗಿ, ಬ್ಯಾಟರಿಯ ತಟ್ಟೆಯ ಕೆಳಗೆ ತಂತಿಗಳು ಕೂಡುವ ಸಂದಿನ ಕನೆಕ್ಟರನ್ನು ಬಿಚ್ಚಿದರು. ಪ್ರವಾಹದ ನೀರು ಅಲ್ಲಿಯವರೆಗೆ ಮುಟ್ಟಿತ್ತು. ಆರು ಪಿನ್ನುಗಳಲ್ಲಿ ಐದು ಹೊಳೆಯುತ್ತಿದ್ದುವು. ಆರನೆಯದರ ಸುತ್ತ ನವಿಲುಗರಿಯ ಬಣ್ಣದ ಕಿಲುಬು ಕಡುಗಟ್ಟಿ, ಒಳಗಿನ ಹಿತ್ತಾಳೆಯೇ ಕಾಣದಾಗಿತ್ತು. ಅದೇ ಅರ್ತಿನ ಪಿನ್ನು. ಕಾಲು ಪೆಡಲಿನ ಮೇಲಿಲ್ಲದಿದ್ದಾಗ 0.6 ವೋಲ್ಟ್ ಹೇಳಬೇಕಾದ ಸೆನ್ಸರು, ತನ್ನ ಬುಡವೇ 0.4ರಷ್ಟು ಮೇಲೆದ್ದುದರಿಂದ 0.95 ಎಂದು ವರದಿ ಮಾಡುತ್ತಿತ್ತು. ಚಾಲಕನು ಪೆಡಲನ್ನು ತುಳಿದಿದ್ದಾನೆಂದು ಗಣಕ ನಂಬಿ ಎಂಜಿನ್ನನ್ನು ಏರಿಸುತ್ತಿತ್ತು. ಹಳೆಯ ಸೆನ್ಸರೂ ಹೊಸ ಸೆನ್ಸರೂ ಸಮನಾಗಿ ನಿರ್ದೋಷಿಗಳು.

ನಿಮ್ಮಲ್ಲಿ ಅರ್ತ್ ಸರಿಯಾಗಿದ್ದರೆ ಸಿಗ್ನಲ್ ತಂತಿಗೆ ಬನ್ನಿ. ಮುಚ್ಚಿದಾಗ ಸುಮಾರು 0.5ರಿಂದ 0.9, ಪೂರ್ತಿ ತೆರೆದಾಗ 4ರಿಂದ 4.5 ವೋಲ್ಟ್ ಸಾಮಾನ್ಯ; ನಿಖರವಾದ ಅಂಕೆ ನಿಮ್ಮ ಗಾಡಿಯ ಸರ್ವೀಸ್ ಮ್ಯಾನ್ಯುಯಲಿನಲ್ಲಿರುತ್ತದೆ. ಪೆಡಲನ್ನು ಹತ್ತು ಸೆಕೆಂಡಿನಷ್ಟು ನಿಧಾನವಾಗಿ ಕೆಳಗೊತ್ತಿ, ಅಷ್ಟೇ ನಿಧಾನವಾಗಿ ಬಿಡಬೇಕು. ವೋಲ್ಟ್ ಎಡೆಬಿಡದೆ ಏರಿ ಇಳಿಯಬೇಕು. ಎಲ್ಲಿಯಾದರೂ ಫಕ್ಕನೆ ಸೊನ್ನೆಗೆ ಬಿದ್ದು ಮೇಲೆದ್ದರೆ ಪಟ್ಟಿ ಸವೆದಿದೆ, ಸೆನ್ಸರ್ ಬದಲಿಸಲೇಬೇಕು. ದಿನವಿಡೀ ನಮ್ಮ ಸಿಟಿಎಚ್ ರಸ್ತೆಯ ದಟ್ಟಣೆಯಲ್ಲಿ ಪೆಡಲನ್ನು ತುಸುವೇ ಒತ್ತಿ ಬಿಡುವವರ ಗಾಡಿಯಲ್ಲಿ ಪಟ್ಟಿಯ ಆರಂಭದ ಭಾಗವೇ ಹೆಚ್ಚು ಸವೆಯುವುದರಿಂದ, ಅಲ್ಲಿ ಎರಡೆರಡು ಸಲ ನೋಡಿ. ಇಂಥ ಕ್ಷಣಿಕ ಬೀಳುವಿಕೆಯನ್ನು ಹಿಡಿಯಲು ಅಂಕೆಯ ಮೀಟರಿಗಿಂತ ಮುಳ್ಳಿನ ಮೀಟರೇ ಮೇಲು. ಈ ಪರೀಕ್ಷೆಯ ವೇಳೆ ಇನ್ನೊಬ್ಬರು ತಂತಿಯ ಕಟ್ಟನ್ನು ಮೆಲ್ಲಗೆ ಅಲುಗಿಸಲಿ. ಅಲುಗಿಸಿದಾಗ ಮಾತ್ರ ಮುಳ್ಳು ನೆಗೆದರೆ ದೋಷ ತಂತಿಯದು. ಹಳೆಯ ಬಿಡಿಭಾಗಗಳನ್ನು ಮಾರುವ ಪುದುಪ್ಪೇಟೆಯಲ್ಲಿ ಹಳೆಯ ಸೆನ್ಸರು ಅಗ್ಗವಾಗಿ ದೊರೆಯುವುದು ನಿಜ. ಆದರೆ ಅದರ ಪಟ್ಟಿಯೂ ಅಷ್ಟೇ ಸವೆದಿರಬಹುದಾದುದರಿಂದ ಈ ಭಾಗವನ್ನು ಮಾತ್ರ ಹೊಸದಾಗಿಯೇ ಕೊಳ್ಳುವುದು ಲೇಸು.

ಕೇಬಲ್ಲಿಲ್ಲದೆ ಮೋಟಾರಿನಿಂದ ತೆರೆಯುವ ಥ್ರಾಟಲುಳ್ಳ ಇತ್ತೀಚಿನ ಗಾಡಿಗಳಲ್ಲಿ ಒಂದರ ಬದಲು ಎರಡು ಸಿಗ್ನಲುಗಳಿದ್ದು, ಅವು ಪರಸ್ಪರ ತಾಳೆಯಾಗದಿದ್ದರೆ ಪಿ 2135ರಂಥ ಸಂಕೇತ ಬಂದು ಗಾಡಿ ತೆವಳತೊಡಗುತ್ತದೆ. ಇಲ್ಲಿ ಇಗ್ನಿಷನ್ ಆನ್ ಇರುವಾಗ ಬಿಲ್ಲೆಯ ಹತ್ತಿರ ಬೆರಳು ಒಯ್ಯಲೇಕೂಡದು. ಮೋಟಾರು ಅದನ್ನು ಕ್ಷಣದಲ್ಲಿ ಮುಚ್ಚಿಬಿಡಬಲ್ಲುದು. ಎರಡೂ ವೋಲ್ಟುಗಳನ್ನು ಸ್ಕ್ಯಾನರಿನ ಪರದೆಯಲ್ಲೇ ನೋಡಿ.

ಕಿಲುಬನ್ನು ಕಾಂಟ್ಯಾಕ್ಟ್ ಕ್ಲೀನರಿನಿಂದ ತೊಳೆದು, ಸಣ್ಣ ಬ್ರಷ್ಷಿನಿಂದ ಉಜ್ಜಿ, ಪಿನ್ನನ್ನು ಬಿಗಿಮಾಡಿದ ಮೇಲೆ ಅರ್ತಿನಲ್ಲಿ 0.02, ಸಿಗ್ನಲ್ಲಿನಲ್ಲಿ 0.6 ಬಂದಿತು. ಸಂಕೇತ ಅಳಿಸಿ, ಮ್ಯಾನ್ಯುಯಲಿನಲ್ಲಿ ಹೇಳಿದಂತೆ ಐಡ್ಲಿಂಗನ್ನು ಗಣಕಕ್ಕೆ ಹೊಸದಾಗಿ ಕಲಿಸಿ, ಪಾಡಿಯ ಮೇಲ್ಸೇತುವೆಯನ್ನು ಎರಡು ಬಾರಿ ಹತ್ತಿ ಇಳಿದೆವು. ಮನೆಗೆ ಬಂದ ಮೇಲೆ ನೆರೆಯವರು ಆ ಎರಡು ಅಂಕೆಗಳನ್ನೂ ತಾರೀಖನ್ನೂ ಒಂದು ಚೀಟಿಯಲ್ಲಿ ಬರೆದು, ಗಾಡಿಯ ಆರ್‌ಸಿ ಇಟ್ಟಿದ್ದ ಪ್ಲಾಸ್ಟಿಕ್ ಕವರಿನೊಳಗೆ ಸೇರಿಸಿದರು.