ತೋಟದಡಿಯ ಕೊಳವೆ, ಮನೆಯ ಹುಡುಗರು



ನಮ್ಮಲ್ಲಿ ಅನೇಕರ ಮಕ್ಕಳು ಈಗ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯಗಳಲ್ಲಿ ಓದುತ್ತಲೋ ದುಡಿಯುತ್ತಲೋ ಇದ್ದಾರೆ. ಅವರು ಅಲ್ಲಿ ಬೈಕಿಗೆ ಹಾಕಿಸುವ ಪೆಟ್ರೋಲು ನಮ್ಮ ಕಾಫಿ ಗಿಡಗಳ ನಡುವೆಯೇ, ನೆಲದಡಿಯಲ್ಲಿ ಹಾದುಹೋದದ್ದಿರಬಹುದು. ಮಂಗಳೂರಿನಿಂದ ಹೊರಟು, ಬೆಳ್ತಂಗಡಿ ತಾಲ್ಲೂಕಿನ ನೆರಿಯದಲ್ಲಿ ಮತ್ತೆ ಒತ್ತಡ ಪಡೆದು, ಘಟ್ಟ ಹತ್ತಿ, ಹಾಸನ ದಾಟಿ, ವೈಟ್‌ಫೀಲ್ಡಿಗೆ ಸಮೀಪದ ದೇವನಗೊಂದಿಯನ್ನು ಮುಟ್ಟುವ ಈ ತೈಲ ಕೊಳವೆಯ ಉದ್ದ ಸುಮಾರು 360 ಕಿಲೋಮೀಟರು. 2003ರಲ್ಲಿ ಇದು ಕೆಲಸ ಆರಂಭಿಸಿತು. ಆ ಮೇಲೆ ಮಂಗಳೂರಿನಿಂದ ಹಾಸನ, ಮೈಸೂರು, ಸೋಲೂರಿನ ಕಡೆಗೆ ಅಡುಗೆ ಅನಿಲದ ಕೊಳವೆಯೂ ಬಂದಿದೆ.

ಕೊಳವೆಯ ಬಗ್ಗೆ ನಮಗೆ ಅಸಮಾಧಾನವಿಲ್ಲವೆಂದರೆ ಸುಳ್ಳಾದೀತು. 1962ರ ಕಾಯಿದೆಯಂತೆ ಭೂಮಿ ನಮ್ಮದೇ. ಬಳಕೆಯ ಹಕ್ಕು ಮಾತ್ರ ಅವರದು. ಆ ಪಟ್ಟಿಯಲ್ಲಿ ಮನೆ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ, ಮರ ನೆಡುವಂತಿಲ್ಲ. ಮರವಿಲ್ಲದ ಜಾಗದಲ್ಲಿ ಕಾಫಿಯೇನು, ಅಡಿಕೆಯೇನು? ಇದಕ್ಕೆ ಕೊಡುವ ಪರಿಹಾರ ಜಮೀನಿನ ಮಾರುಕಟ್ಟೆ ಬೆಲೆಯ ನೂರಕ್ಕೆ 10. ಬೆಳೆನಷ್ಟದ ಪರಿಹಾರ ಬೇರೆ. ಊಟದ ಹೊತ್ತಿನಲ್ಲಿ ಇದನ್ನು ಎತ್ತಿ ಆಡದ ಮನೆ ನಮ್ಮಲ್ಲಿ ಕಡಿಮೆ. ನಾವೂ ಆಡಿದವರೇ.

ಆ ಮಾತಿನ ಫಲ ಕಳೆದ ಬೇಸಿಗೆಯಲ್ಲಿ ನಮ್ಮ ಮನೆಯಲ್ಲೇ ಕಂಡಿತು. ಗುರುತು ಕಂಬದ ಬಳಿಯ ಸಣ್ಣ ಪೆಟ್ಟಿಗೆಯ ಮುಚ್ಚಳ ಕಿತ್ತಿತ್ತು. ಒಳಗಿನ ತಾಮ್ರದ ತಂತಿ ಇರಲಿಲ್ಲ. ವಿಚಾರಿಸಿದಾಗ ಸಿಕ್ಕಿಬಿದ್ದವನು ಹತ್ತನೆಯ ತರಗತಿ ಮುಗಿಸಿ ರಜೆಯಲ್ಲಿದ್ದ ನಮ್ಮ ತಮ್ಮನ ಮಗ. ಜೊತೆಗೆ ಇನ್ನಿಬ್ಬರು ಹುಡುಗರು. ತಂತಿ ಗುಜರಿಗೆ ಹೋಗಿತ್ತು, ಬಂದ ಹಣ ಕ್ರಿಕೆಟ್ ಚೆಂಡಿಗೆ. ಗದರಿಸಿದರೆ ಅವನು ತಲೆ ತಗ್ಗಿಸಿಯೇ ಹೇಳಿದ: "ದೊಡ್ಡಪ್ಪ, ಆ ಪೈಪು ಹಾಳಾಗಿ ಹೋಗ್ಲಿ ಅಂತ ನೀವೇ ದಿನಾ ಹೇಳ್ತಿದ್ರಲ್ಲ."

ನಮಗೆ ಮಾತು ಹೊರಡಲಿಲ್ಲ. ಮರುದಿನ ಸಂಬಂಧಪಟ್ಟವರಿಗೆ ನಾವೇ ತಿಳಿಸಿದೆವು. ಆ ಬಳಿಕ ಮೂವರನ್ನೂ ಕಣದಲ್ಲಿ ಕೂರಿಸಿಕೊಂಡು ಮಾಡಿದ ಪಾಠವನ್ನೇ ಇಲ್ಲಿ ಬರೆಯುತ್ತಿದ್ದೇವೆ.

ಉಕ್ಕಿನ ಕೊಳವೆ ತುಕ್ಕು ಹಿಡಿಯದಿರಲೆಂದು ಅದಕ್ಕೆ ಅಲ್ಪ ವಿದ್ಯುತ್ತನ್ನು ಹರಿಸಿರುತ್ತಾರೆ. ಆ ರಕ್ಷಣೆ ಸರಿಯಿದೆಯೇ ಎಂದು ಅಳೆಯುವುದು ಪೆಟ್ಟಿಗೆಯ ತಂತಿಯಿಂದ. ತಂತಿ ಹೋದರೆ ಅಳತೆ ತಪ್ಪುತ್ತದೆ. ಅಳತೆ ತಪ್ಪಿದಲ್ಲಿ ತುಕ್ಕು ತಿಂದರೂ ಬೇಗ ತಿಳಿಯದು.

ಒತ್ತಡದ ವಿಷಯ ಹುಡುಗರಿಗೆ ಬೇಗ ಹತ್ತಿತು. ಬೋರ್ಡೋ ಸಿಂಪಡಿಸುವಾಗ ಪಂಪಿನ ಪೈಪು ಕಳಚಿದರೆ ಅದು ಹಾವಿನಂತೆ ಹೊರಳಾಡುವುದನ್ನು ಅವರು ಕಂಡಿದ್ದಾರೆ. ಡೀಸೆಲು 100 ಮೀಟರ್ ಮೇಲಕ್ಕೇರಲು ಚದರ ಸೆಂಟಿಮೀಟರಿಗೆ ಸುಮಾರು 8 ಕೆ.ಜಿ. ಒತ್ತಡ ಬೇಕು, ಘಟ್ಟ ಹತ್ತಿಸಲು ಎಷ್ಟು ಬೇಕೆಂದು ಅವರೇ ಲೆಕ್ಕ ಹಾಕಿದರು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ಮೇಲಕ್ಕೆ ಹಾರಿಹೋಗುವುದಿಲ್ಲ. ಬಸಿಗಾಲುವೆ, ತೊಟ್ಟಿಲು ಗುಂಡಿಗಳಲ್ಲಿ ಇಳಿದು ಕೂರುತ್ತದೆ. ಬೈಕಿನ ಒಂದು ಕಿಡಿ ಸಾಕು.

ಕಳವು ದೂರದ ಮಾತಲ್ಲ. 2021ರಲ್ಲಿ ಬಂಟ್ವಾಳ ತಾಲ್ಲೂಕಿನ ಸೊರ್ನಾಡಿನ ಬಳಿ ಕೊಳವೆ ಹಾದುಹೋದ ಖಾಸಗಿ ಜಮೀನಿನಲ್ಲೇ ಡೀಸೆಲು ಕದ್ದ ಪ್ರಕರಣ ಹೊರಬಿತ್ತು. ಇಂಥ ಕೆಲಸಕ್ಕೆ ಕಠಿಣ ಸಜೆಯಿದೆ. 2011ರ ತಿದ್ದುಪಡಿಯಿಂದ ಕಾನೂನು ಇನ್ನೂ ಬಿಗಿಯಾಗಿದೆ. ಆದರೆ ಹುಡುಗರನ್ನು ಮೌನವಾಗಿಸಿದ್ದು ಸಜೆಯ ಮಾತಲ್ಲ, ಮೆಕ್ಸಿಕೋ ದೇಶದ ತ್ಲಾವೆಲಿಲ್ಪಾನ್ ಊರಿನ ಸಂಗತಿ. 2019ರ ಜನವರಿ 18ರಂದು ಅಲ್ಲಿ ಕಳ್ಳರು ಕೊರೆದಿದ್ದ ಪೆಟ್ರೋಲ್ ಕೊಳವೆ ಮೇವಿನ ಹೊಲದಲ್ಲಿ ಕಾರಂಜಿಯಂತೆ ಚಿಮ್ಮಿತು. ನೂರಾರು ಜನ ಬಕೆಟ್ಟು, ಕ್ಯಾನುಗಳೊಡನೆ ಓಡಿಬಂದರು. ಅವರಲ್ಲಿ ಹೆಚ್ಚಿನವರು ಕೊರೆದವರಲ್ಲ, ಬರಿಯ ಊರವರು. ಸೈನಿಕರು ತಡೆದರೂ ಕೇಳಲಿಲ್ಲ. ಸುಮಾರು ಎರಡು ಗಂಟೆಯ ಮೇಲೆ ಬೆಂಕಿ ಹತ್ತಿ, 130ಕ್ಕೂ ಹೆಚ್ಚು ಮಂದಿ ಸತ್ತರು. "ನಾವೂ ನೋಡೋಕೆ ಹೋಗ್ತಿದ್ವಿ," ಎಂದ ಒಬ್ಬ ಹುಡುಗ.

ಪಟ್ಟಣದಲ್ಲಿರುವ ಮಕ್ಕಳಿಗೂ ಇದು ಅನ್ವಯಿಸುತ್ತದೆ. 2023ರ ಮಾರ್ಚಿಯಲ್ಲಿ ಬೆಂಗಳೂರಿನ ಎಚ್.ಎಸ್.ಆರ್. ಬಡಾವಣೆಯಲ್ಲಿ ಅಗೆತದ ವೇಳೆ ಅನಿಲದ ಕೊಳವೆಗೆ ಪೆಟ್ಟು ಬಿದ್ದು, ಸ್ಫೋಟವಾಗಿ ಜನ ಗಾಯಗೊಂಡರು. ಅಲ್ಲಿ ಯಾರಿಗೂ ಕೆಟ್ಟ ಉದ್ದೇಶವಿರಲಿಲ್ಲ.

ಪೆಟ್ರೋಲಿನ ವಾಸನೆ ಬಂದರೆ, ಪಟ್ಟಿಯ ಮೇಲಿನ ಹುಲ್ಲು ಕಾರಣವಿಲ್ಲದೆ ಒಣಗಿದರೆ, ತೋಡಿನ ನೀರಿನ ಮೇಲೆ ಎಣ್ಣೆ ಬಣ್ಣ ತೇಲಿದರೆ ಹತ್ತಿರ ಹೋಗಬಾರದು. ಬೈಕು ಚಾಲೂ ಮಾಡಬಾರದು, ಟಾರ್ಚು, ಮೊಬೈಲು ಒತ್ತಬಾರದು. ಗಾಳಿ ಬೀಸಿ ಬರುವ ದಿಕ್ಕಿಗೆ, ಎತ್ತರದ ಕಡೆಗೆ ನಡೆದು, ಸಾಕಷ್ಟು ದೂರ ಹೋದ ಮೇಲೆ ಗುರುತು ಕಂಬದ ಮೇಲಿರುವ ನಂಬರಿಗೋ 112ಕ್ಕೋ ಫೋನು ಮಾಡಬೇಕು. ರಾತ್ರಿ ಹೊತ್ತು ಪಟ್ಟಿಯ ಬಳಿ ಟ್ಯಾಂಕರು ನಿಂತರೆ, ಗುರುತಿಲ್ಲದವರು ಹೆಚ್ಚು ಬಾಡಿಗೆಗೆ ಶೆಡ್ಡು ಕೇಳಿಕೊಂಡು ಬಂದರೆ ಮನೆಯಲ್ಲಿ ಹೇಳಬೇಕು. ಹುಡುಗರು ಇಲ್ಲಿ ಅಳುಕಿದರು: ಅದರಲ್ಲಿ ಗೆಳೆಯನ ಅಪ್ಪನೇ ಇದ್ದರೆ? ಆಗಲೂ ಹೇಳಬೇಕು, ಮೊದಲು ಸುಡುವುದು ಆ ಗೆಳೆಯನ ಮನೆ, ಎಂದೆವು. ಹೇಳಿದವನ ಹೆಸರನ್ನು ಹೊರಗೆ ಬಿಡದಿರುವ ಹೊಣೆ ಹಿರಿಯರದು.

ಪರಿಹಾರದ ತಕರಾರನ್ನು ನಾವು ಬಿಟ್ಟಿಲ್ಲ. ಅದು ಅರ್ಜಿಯಲ್ಲಿ, ಸಭೆಯಲ್ಲಿ ನಡೆಯಲಿ. ಊಟದ ಹೊತ್ತಿನಲ್ಲಿ ಬೇಡ. ಕಂಬದ ಮೇಲಿನ ನಂಬರನ್ನು ತಮ್ಮನ ಮಗ ನಮ್ಮ ಅಡುಗೆಮನೆಯ ಕ್ಯಾಲೆಂಡರಿನ ಬದಿಯಲ್ಲಿ ಬರೆದಿಟ್ಟಿದ್ದಾನೆ. ಪಟ್ಟಿ ಹಾದುಹೋದ ಸದಸ್ಯರು ಮುಂದಿನ ಬಾರಿ ಗೊಬ್ಬರಕ್ಕೆ ಬರುವಾಗ ತಮ್ಮ ಕಂಬದ ನಂಬರನ್ನು ಗುರುತು ಹಾಕಿಕೊಂಡು ಬನ್ನಿ. ಸಂಘದ ಕಚೇರಿಯ ಪುಸ್ತಕದಲ್ಲಿ ದಾಖಲು ಮಾಡಿಕೊಳ್ಳುತ್ತೇವೆ.